ಮಾಯಪ್ಪನ ಕೈಗವಸಿನ ತೂತು

ಹೊಸಾ ಕೈಗವಸು, ಎರಡರ ಅಂಗೈಯಲ್ಲೂ ಚಹಾದ ಬಸಿಯಷ್ಟು ಅಗಲದ ತೂತು. ಚೀಲದಲ್ಲಿ ಅದನ್ನು ಕಂಡ ಕೂಡಲೇ ಯಮುನವ್ವ ಎರಡೂ ತೂತಿನೊಳಗೆ ಬೆರಳು ತೂರಿಸಿ ನೋಡಿದಳು.

ಅವಳ ಗಂಡ ಮಾಯಪ್ಪ ಇಚಲಕರಂಜಿಯ ಒಂದು ಕಾರ್ಖಾನೆಯಲ್ಲಿ ಮಗ್ಗದ ಬಿಡಿಭಾಗಗಳಿಗೆ ಬಣ್ಣ ಹೊಡೆಯುತ್ತಿದ್ದ. ಏಳು ವರ್ಷ ಹೊಡೆದರೂ ಇನ್ನೂ ಟೆಂಪರವರಿ. ಮಾಲೀಕ ಶೀತಲ ಶೇಠ ಈಚೆಗೆ ಬಣ್ಣ ಸಿಡಿಸುವ ಕರೆಂಟಿನ ಗನ್ನು ತರಿಸಿದ್ದರು. ಅದರ ತುದಿಯಲ್ಲಿ ಸಾವಿರಾರು ವೋಲ್ಟು. ಬಣ್ಣದ ಹನಿಗಳು ಆ ಕರೆಂಟು ಹೊತ್ತುಕೊಂಡು ಹೋಗಿ ಕಬ್ಬಿಣಕ್ಕೆ ತಾವಾಗಿಯೇ ಅಂಟಿಕೊಳ್ಳುತ್ತಿದ್ದವು. ಇವತ್ತು ಕೊಲ್ಲಾಪುರದಿಂದ ಸುರಕ್ಷತೆಯ ಮೇಡಂ ತಪಾಸಣೆಗೆ ಬರುವವರಿದ್ದರು. ಅವರು ಪಾಸು ಮಾಡಿದರೆ ಮಾಯಪ್ಪ ಪರ್ಮನೆಂಟ್ ಎಂದು ಶೇಠರು ಮಾತು ಕೊಟ್ಟಿದ್ದರು.

"ಪರ್ಮನೆಂಟ್ ಮಾಡಾವ್ರು ಹರಕ ಗ್ಲೋವ್ಸ್ ಕೊಟ್ಟಾರಲ್ರೀ!" ಎಂದಳು ಯಮುನವ್ವ.

"ಹರಕ ಅಲ್ಲs, ಬೇಕಂತ ಕತ್ತರಿಸ್ಯಾರ. ಬರಿಗೈ ಗನ್ನಿನ ಹಿಡಿಕಿಗೆ ತಾಗಬೇಕಂತ. ಮೈಯಾಗ ತುಂಬಿದ ಕರೆಂಟ್ ಹಿಡಿಕಿಂದ ಅರ್ಥಿಂಗಿಗೆ ಇಳದು ಹೋಗತೈತಂತ. ಬೂಟಿನ ತಳಾನೂ ಹಂಗs, ಕರೆಂಟ್ ನೆಲಕ್ಕ ಬಿಡತೈತಿ." ಮಾಯಪ್ಪನಿಗೆ ಇಷ್ಟು ಬಾಯಿಪಾಠವಾಗಿತ್ತು. ಇದಕ್ಕಿಂತ ಹೆಚ್ಚು ಕೇಳಿದರೆ ಅವನೂ ತಲೆ ಕೆರೆದುಕೊಳ್ಳುತ್ತಿದ್ದ.

ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಪಕ್ಕದ ಮನೆಯ ಹಣಮಪ್ಪ ಬ್ರಶ್ ಹೊರಗೆ ತೆಗೆದ. ಮೂವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ಫ್ಯೂಜು ಕಟ್ಟಿದ ಮನುಷ್ಯ. ಓಣಿಯಲ್ಲಿ ಯಾರ ಮನೆಯ ಬಲ್ಬು ಹೋದರೂ ಅವನನ್ನು ಕೇಳದೆ ಇನ್ನೊಂದು ತರುತ್ತಿರಲಿಲ್ಲ.

"ಏ ಹುಚ್ಚಪ್ಪಾ, ಕರೆಂಟಿನ ಕೆಲಸಕ್ಕ ರಬ್ಬರ್ ಬೇಕೋ! ನೆಲಕ್ಕ ತಾಗಿದ್ರ ಸತ್ತಿ. ನಿಮ್ಮ ಶೇಠ ನಿನ್ನನ್ನ ಮ್ಯಾಲಕ್ಕ ಪಾರ್ಸಲ್ ಮಾಡಾಕ ಹೊಂಟಾನ."

"ಇದು ಆ ಕರೆಂಟ್ ಅಲ್ಲ ಕಾಕಾ, ಬ್ಯಾರೆ."

"ಕರೆಂಟಿನ್ಯಾಗ ಮತ್ತ ಬ್ಯಾರೆ ಯಾವದು? ನಮ್ಮ ಮುಂದ ಹೇಳಾಕ ಬಂದಾನ!"

ಮಾಯಪ್ಪ ವಾದ ಬಿಟ್ಟು ಜಳಕಕ್ಕೆ ಹೋದ. ಅವನು ಮಾಡಿದ ತಪ್ಪು ಇದೊಂದೇ. ಆದರೆ ಭಾಳ ದೊಡ್ಡದು.

ಯಮುನವ್ವ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಅವಳು ಹಾಕಿದ ಹೊಲಿಗೆ ಬಿಚ್ಚಿದ್ದನ್ನು ಕಂಡವರಿಲ್ಲ. ಗಂಡ ಮೈಗೆ ಎರಡು ತಂಬಿಗೆ ನೀರು ಹಾಕಿಕೊಳ್ಳುವುದರೊಳಗೆ ಒಂದು ತೂತಿಗೆ ತೇಪೆ ಬಿದ್ದಿತ್ತು. ಮೇಲೆ ಹಳೆ ಸೀರೆಯ ಹಸಿರು ಅಂಚು, ಕೆಳಗೆ ಧೋತರ, ನಡುವೆ ಹರಿದ ರೇನ್‌ಕೋಟಿನ ತುಂಡು. ಅವನು ಮೈ ಒರೆಸಿಕೊಳ್ಳುವುದರೊಳಗೆ ಎರಡನೆಯದೂ ಮುಗಿಯಿತು. ಅತ್ತ ಹಣಮಪ್ಪ ತನ್ನ ಹಳೆಯ ಹವಾಯಿ ಚಪ್ಪಲಿ ಕೊಯ್ದು ಬೂಟಿನ ಒಳಗೆ ಹಾಸಿದ. ಕೆಳಗೊಂದು ಪದರ, ಅಂಟು ಬಳಿದು ಅದರ ಮೇಲೆ ಇನ್ನೊಂದು. ಅಂಟು ಮಿಕ್ಕಿದ್ದು ನೋಡಿ ಇನ್ನೂ ಸ್ವಲ್ಪ ಬಳಿದ.

"ಅವಗ ಹೇಳಬ್ಯಾಡವಾ, ಸುಮ್ನ ಒದರತಾನ," ಎಂದು ಹಣಮಪ್ಪ ಎಚ್ಚರಿಕೆ ಕೊಟ್ಟ. ಇಬ್ಬರೂ ಪುಣ್ಯದ ಕೆಲಸ ಮಾಡಿದ ಮುಖದಲ್ಲಿ ಮಾಯಪ್ಪನನ್ನು ಕಳಿಸಿಕೊಟ್ಟರು.

ಬಣ್ಣ ಹೊಡೆಯುವ ಬೂತಿನ ಮುಂದೆ ಮಾಯಪ್ಪ ಚೀಲ ಬಿಚ್ಚಿ ಗವಸು ಹೊರಗೆ ತೆಗೆದ. ಅಂಗೈಯ ಮೇಲೆ ಪುಟ್ಟ ಕೌದಿ! ಉಗುರಿನಿಂದ ಕೆತ್ತಿದ, ಹಲ್ಲಿನಿಂದ ಜಗ್ಗಿದ. ಹಲ್ಲು ನೊಂದಿತೇ ಹೊರತು ದಾರ ಜಗ್ಗಲಿಲ್ಲ. ಕತ್ತರಿ ತರಲು ಓಡಬೇಕೆನ್ನುವಷ್ಟರಲ್ಲಿ ಗೇಟಿನಲ್ಲಿ ಮೇಡಮ್ಮರ ಗಾಡಿ ನಿಂತಿತು.

"ಮಾಯಪ್ಪಾ, ಚಾಲೂ ಮಾಡೋ! ಬಂದ್ರು!" ಎಂದು ಶೇಠರು ಕೂಗಿದರು.

ಇರಲಿ, ಬೂಟಾದರೂ ಐತಲ್ಲ ಎಂದು ಧೈರ್ಯ ತಂದುಕೊಂಡು ಮಾಯಪ್ಪ ಅದನ್ನು ಮೆಟ್ಟಿ, ಗವಸು ತೊಟ್ಟು ಗನ್ನು ಹಿಡಿದ. ಬೂಟು ಯಾಕೋ ಒಂದಿಂಚು ಎತ್ತರವಾದಂತಿತ್ತು. ಮೇಡಂ ನೋಡುತ್ತಾರೆಂಬ ಹೆಮ್ಮೆಗೆ ಹಾಗಾಗಿರಬೇಕು ಎಂದುಕೊಂಡ.

ಪ್ರಿಯದರ್ಶನಿ ಮೇಡಂ ಮೂಲತಃ ಗಡಹಿಂಗ್ಲಜದವರು, ಕನ್ನಡ ಬಲ್ಲವರು. ಕೈಯಲ್ಲಿ ಒಂದು ಮೀಟರು, ಮುಖದಲ್ಲಿ ನಗುವಿಲ್ಲ. ಶೇಠರು ಒಂದು ಕೈಯಲ್ಲಿ ಕಬ್ಬಿಣದ ಕಂಬ ಹಿಡಿದುಕೊಂಡು, ಇನ್ನೊಂದನ್ನು ಅಕ್ಕರೆಯಿಂದ ಮಾಯಪ್ಪನ ಮೊಣಕೈ ಮೇಲೆ ಇಟ್ಟರು. "ಇವನs ನೋಡ್ರಿ ಮೇಡಂ, ನಮ್ಮ..."

ಚಟ್!

"ಆಯೀ ಗ!" ಶೇಠರು ಗೇಣೆತ್ತರ ಹಾರಿದರು.

"ಏನಾತ್ರಿ?" ಎಂದರು ಮೇಡಂ.

"ಏನಿಲ್ರಿ, ಏನಿಲ್ಲ. ಸೊಳ್ಳಿ," ಎಂದು ಶೇಠರು ಕೈ ಹಿಂದೆ ಮುಚ್ಚಿಟ್ಟುಕೊಂಡರು.

ಮೇಡಮ್ಮರ ಹುಬ್ಬು ಮೇಲೇರಿತು. ಮಾಯಪ್ಪ ಗಾಬರಿಯಲ್ಲಿ ಇನ್ನೂ ಜೋರಾಗಿ ಬಣ್ಣ ಹೊಡೆಯತೊಡಗಿದ. ಎರಡು ನಿಮಿಷ ಹೊಡೆದ. ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು. ಅಷ್ಟರಲ್ಲಿ ಮೇಡಮ್ಮರ ಕಣ್ಣು ಮೂಲೆಯಲ್ಲಿ ಬಾಯಿ ತೆರೆದು ಕೂತಿದ್ದ, ಬಣ್ಣ ತೆಳು ಮಾಡುವ ಥಿನ್ನರಿನ ಡಬ್ಬಿಯ ಮೇಲೆ ಬಿತ್ತು.

"ನಿಲ್ಲಸ್ರಿ! ಆ ಡಬ್ಬಿ ಯಾಕ ತೆರದೈತಿ?"

ತನ್ನದೇ ತಪ್ಪೆಂದು ತಿಳಿದು ಮಾಯಪ್ಪ ಗನ್ನು ತೂಗುಹಾಕಿದ, ಗವಸು ಕಿತ್ತೆಸೆದ, ಡಬ್ಬಿಯ ಮುಚ್ಚಳಕ್ಕೆ ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಎಂದು ಮೇಡಂ ಚೀರಿದರು. ಅಷ್ಟರಲ್ಲಿ ಬೆರಳಿನಿಂದ ಡಬ್ಬಿಗೆ ಕಿಡಿ ಹಾರಿಯಾಗಿತ್ತು. ಭಗ್ ಎಂದು ಉರಿ ಎದ್ದಿತು. ಮಾಯಪ್ಪ ಹಿಂದಕ್ಕೆ ಬಿದ್ದ; ಅವನ ಎಡಮೀಸೆ ಮಾತ್ರ ಮುಂದೆಯೇ ಉಳಿದು ಸುಟ್ಟುಹೋಯಿತು. ಮೇಡಂ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರು ಕಿತ್ತು ಪುಡಿ ಹಾರಿಸಿದರು. ಬೆಂಕಿ ಆರಿತು. ಪುಡಿ ಸರಿದಾಗ ಅಲ್ಲಿ ಶೀತಲ ಶೇಠರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ನಿಂತಿದ್ದರು.

ಮೇಡಂ ಮಾಯಪ್ಪನ ಬೂಟಿಗೆ ಮೀಟರು ಹಚ್ಚಿದರು. ಮುಳ್ಳು ಅಲುಗಲಿಲ್ಲ; ಕರೆಂಟು ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ. ಒಳಗೆ ಕೈ ಹಾಕಿ ಜಗ್ಗಿದರೆ ನೀಲಿ ಅಂಚಿನ ಹವಾಯಿ ಚಪ್ಪಲಿಯ ತುಂಡು ಹೊರಬಂತು. ಮಾಯಪ್ಪ ಅದನ್ನು ನೋಡಿದ. ದಿನಾ ಕಟ್ಟೆಯ ಮೇಲೆ ಕಾಣುತ್ತಿದ್ದ ಚಪ್ಪಲಿಯೇ!

"ಹಣಮಪ್ಪ ಕಾಕಾ!" ಎಂದು ಅವನು ನರಳಿದ.

"ಇಂಥಾವನ್ನ ಈಗಿಂದೀಗ ತೆಗದ ಹಾಕತೇನ್ರಿ ಮೇಡಂ," ಎಂದರು ಶೇಠರು, ಬಾಯಿಂದ ಪುಡಿ ಉಗುಳುತ್ತ.

"ಬಿಲ್ಕುಲ್ ತೆಗೀಬ್ಯಾಡ್ರಿ." ಮೇಡಂ ತೇಪೆಯ ಗವಸನ್ನು ಬೆಳಕಿಗೆ ಹಿಡಿದು ನೋಡಿದರು. "ಆರು ವರ್ಷಾತು, ಫ್ಯಾಕ್ಟರಿ ಫ್ಯಾಕ್ಟರಿ ತಿರಗಿ ಅರ್ಥಿಂಗ್, ಅರ್ಥಿಂಗ್ ಅಂತ ಹೇಳಾಕತ್ತೇನಿ. ಎಲ್ಲಾರೂ ಹೌದ್ರಿ ಅಂತಾರ, ತೂಕಡಸ್ತಾರ. ಇವತ್ತ ನೀವು ಹಾರಿದ್ರಲ್ಲ ಶೇಠ, ಈ ಪಾಠ ಇನ್ನ ಯಾವತ್ತಾದ್ರೂ ಮರೀತೀರೇನು?"

ಶೇಠರು ಕೈ ಉಜ್ಜಿಕೊಂಡು ಇಲ್ಲವೆಂದರು.

"ಹಂಗಾರ ಪಾಸ್ ಮಾಡತೇನಿ. ಒಂದ ಶರತ್ತು. ಈ ಮನಷಾನ್ನ ಟ್ರೇನಿಂಗ್ ಕೆಲಸಕ್ಕ ಪರ್ಮನೆಂಟ್ ಮಾಡ್ರಿ. ಥಿನ್ನರ್ ಇಲ್ಲದ ಖೋಲಿ, ಸಣ್ಣ ಮಶೀನು. ವಾರಕ್ಕ ಮೂರು ಸಲ ಇದs ಗ್ಲೋವ್ಸ್, ಇದs ಚಪ್ಪಲಿ ಹಾಕ್ಕೊಂಡು ನಿಂದರ್ಲಿ. ಕಲಿಯಾಕ ಬಂದಾವ್ರೆಲ್ಲಾ ಒಂದೊಂದ ಸಲ ಮುಟ್ಟಿ, ಶಾಕ್ ಎಂಥಾದ್ದಂತ ನೋಡ್ಲಿ."

ಸಂಜೆ ಕಟ್ಟೆಯ ಮೇಲೆ ಓಣಿಯೆಲ್ಲ ಸೇರಿತ್ತು. "ನನ್ನ ಚಪ್ಪಲಿ ಇಲ್ಲಂದಿದ್ರ ಆಗತಿತ್ತೇನು ಪರ್ಮನೆಂಟ್?" ಎಂದು ಹಣಮಪ್ಪ ಎಲ್ಲರಿಗೂ ಪೇಢೆ ಹಂಚುತ್ತಿದ್ದ. ಅರ್ಧ ಮೀಸೆಯ ಮಾಯಪ್ಪ ಯಾರ ಕೈಯನ್ನೂ ಕುಲುಕದೆ ಒಳಗೆ ಹೋಗಿ ಯಮುನವ್ವನ ಮುಂದೆ ಕುಳಿತ. ಶೇಠರು ಕೊಟ್ಟ ಪತ್ರವನ್ನು ಇನ್ನೊಮ್ಮೆ ಓದಿದ. ಶಾಕ್ ಹೊಡೆಯುವತನಕ ಮಾತ್ರ ನೌಕರಿ ಎಂದು ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಅವನು ಚೀಲದಿಂದ ಗವಸು ತೆಗೆದು, ಬೆಳಿಗ್ಗೆ ತಾನೇ ಹಲ್ಲಿನಿಂದ ಜಗ್ಗಿದ್ದ ಮೂಲೆಯನ್ನು ಹೆಂಡತಿಗೆ ತೋರಿಸಿದ.

"ಇಲ್ಲಿ ಒಂದ ಎಳಿ ಸಡ್ಲ ಆಗೇತಿ ನೋಡು," ಎಂದ ಸಣ್ಣ ದನಿಯಲ್ಲಿ. "ಇನ್ನೆರಡು ಹೊಲಿಗಿ ಗಟ್ಟ್ಯಾಗಿ ಹಾಕವಾ."