ಶಿವಗಂಗಾಳ ಎಡಗಿವಿಯನ್ನು ಪರೀಕ್ಷಿಸಲು ಬರುವವರ ಗಮನಕ್ಕೆ

ಅಡುಗೆಮನೆ ಆಡಳಿತ, ಸೇಡಂ
ಸಂಖ್ಯೆ: ಅಮ/ಎಡಗಿವಿ/07

ವಿಷಯ: ಬಂಧುಗಳಿಂದ ನಡೆಯುತ್ತಿರುವ ಅನಧಿಕೃತ ಪರೀಕ್ಷೆಗಳ ರದ್ದತಿ.
ಉಲ್ಲೇಖ: ಕಳೆದ ಭಾನುವಾರದ ಪಡಸಾಲೆ ಪ್ರಕರಣ.

ಮಗಳು ಶಿವಗಂಗಾಳ ಎಡಗಿವಿಯ ನರದ ಮೇಲಿದ್ದ, ಕ್ಯಾನ್ಸರ್ ಅಲ್ಲದ ಗಡ್ಡೆಗೆ ವಿಕಿರಣ ಚಿಕಿತ್ಸೆ ಮುಗಿದಿರುತ್ತದೆ. ಆ ಕಿವಿಯ ಕೇಳುವಿಕೆ ವರ್ಷಗಟ್ಟಲೆ ನಿಧಾನವಾಗಿ ಇಳಿಯಬಹುದು, ನಡಿಗೆ ಓಲಾಡಬಹುದು, ಆಗಾಗ ಪರೀಕ್ಷಿಸಬೇಕು ಎಂದು ವೈದ್ಯರು ತಿಳಿಸಿರುತ್ತಾರೆ. ಈ ಕೆಲಸವನ್ನು ಅವರು ಬಂಧುಬಳಗಕ್ಕೆ ವಹಿಸಿರುವುದು ಎಲ್ಲಿಯೂ ಕಂಡುಬಾರದ ಕಾರಣ, ಕೆಳಕಂಡಂತೆ ಆದೇಶಿಸಲಾಗಿದೆ.

1. ಮಾತಾಡಿಸಲು ಬಂದವರು ಆಕೆಯ ಬೆನ್ನ ಹಿಂದೆ ಸ್ಟೀಲ್ ತಾಟು ಕೆಡವಿ ‘ಕೇಳಸ್ತದೇನವಾ?’ ಎಂದು ವಿಚಾರಿಸತಕ್ಕದ್ದಲ್ಲ. ವಾಡಿಯ ಬಸವೇಶ್ವರಿ ಕಾಕಿ ಕೆಡವಿದ ತಾಟಿನ ಸದ್ದಿಗೆ ಓಣಿಯ ಕೊನೆಯ ಮನೆಯ ಅಮೀರ್‌ಬೀ ಓಡಿ ಬಂದಿದ್ದು, ಅವರ ಕಿವಿ ಉತ್ತಮವಾಗಿರುವುದು ಸಾಬೀತಾಗಿದೆ.

2. ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರಿ ಸಿದ್ದಲಿಂಗೇಶ ಮಾಮಾ, ನೆಲದ ಫರ್ಸಿಯ ಸಂದು ತೋರಿಸಿ ‘ಇದರ ಮ್ಯಾಲ ಸೀದಾ ನಡಿ ನೋಡಮು’ ಎಂದು ನಡೆಸಿ, ‘ಭಾಳ ವಾಲ್ಲಿಕತ್ತಾಳ’ ಎಂದು ಷರಾ ನೀಡಿರುತ್ತಾರೆ. ತದನಂತರ ದಾರ ಹಿಡಿದು ನೋಡಲಾಗಿ, ಆಕೆ ಸೀದಾ ನಡೆದಿದ್ದು, ಸಂದೇ ಸೊಟ್ಟಗೆ ಹೋಗಿರುತ್ತದೆ. ಸದರಿ ಫರ್ಸಿ ಹಾಸಿಸಿಕೊಟ್ಟವರು ಮಾಮಾ ಅವರೇ.

3. ಚಿಂಚೋಳಿಯ ಮಡಿವಾಳಯ್ಯನವರು ಕುಂಚಾವರಂ ಕಾಡಿನೊಳಗಿಂದ ಫೋನ್ ಮಾಡಿ, ಎಡಗಿವಿಗೇ ಹಿಡಿಯಲು ಹೇಳಿ, ತಮ್ಮ ‘ಹಲೋ’ ಕೇಳಿಸದಿದ್ದುದಕ್ಕೆ ನರ ಹೋಯಿತೆಂದು ಕುಟುಂಬಕ್ಕೆಲ್ಲ ಪ್ರಕಟಿಸಿರುತ್ತಾರೆ. ಅಲ್ಲಿ ನೆಟ್‌ವರ್ಕ್ ನೆಟ್ಟಗೆ ಬರುವ ತನಕ ಆಕೆಯ ನರವನ್ನು ಹೊಣೆ ಮಾಡುವಂತಿಲ್ಲ.

4. ಆಕೆಯ ಎಡಗಡೆ ಕುಳಿತು ‘ಪಾಪ, ಇನ್ನ ಇಕಿನ್ನ ಯಾರ್ ಮಾಡ್ಕೋತಾರ’ ಎಂದು ಪಿಸುಗುಡುವವರಿಗೆ ಈ ಮೂಲಕ ತಿಳಿಸುವುದೇನೆಂದರೆ, ಬಲಗಿವಿ ಪೂರ್ಣಾವಧಿ ಕರ್ತವ್ಯದಲ್ಲಿದೆ.

5. ಮೇಲಿನವುಗಳ ಫಲವಾಗಿ, ಈಗ ತಲೆ ತಿರುಗಿದರೂ ಆಕೆ ಹೇಳುತ್ತಿಲ್ಲ. ಗೋಡೆ ಹಿಡಿದು ನಿಂತು, ಜೇಡರ ಬಲೆ ನೋಡುತ್ತಿದ್ದೆ ಎನ್ನುತ್ತಾಳೆ. ಬರುವ ಸೋಮವಾರ ಕಲಬುರಗಿ ಆಸ್ಪತ್ರೆಯಲ್ಲಿರುವ ನಿಜವಾದ ಪರೀಕ್ಷೆಗೂ ‘ದಿನಾ ಮನ್ಯಾಗೇ ಆಗ್ಲಿಕತ್ತದಲ್ಲವ್ವಾ, ಅಲ್ಲಿಗ್ಯಾಕ’ ಎಂದು ನಿರಾಕರಿಸಿರುತ್ತಾಳೆ. ಅಲ್ಲಿಗೆ ಹೋಗದಿದ್ದರೆ ಕಿವಿ ಎಷ್ಟು ಇಳಿಯಿತೆಂದು ಯಾರಿಗೂ ತಿಳಿಯದು. ಆದ್ದರಿಂದ ಸಮಸ್ತ ಗೃಹಪರೀಕ್ಷಕರನ್ನು ತಕ್ಷಣದಿಂದ ಕರ್ತವ್ಯಮುಕ್ತಗೊಳಿಸಲಾಗಿದೆ.

6. ಸದರಿ ಪರೀಕ್ಷೆಯಲ್ಲಿ ಕೇಳುವಿಕೆ ಕಡಿಮೆ ಎಂದು ಬಂದಲ್ಲಿ ಬಂಧುಗಳು ಕೈಗೊಳ್ಳಬೇಕಾದ ಕ್ರಮ: ಚಹಾ ಕುಡಿದು ಹೊರಡತಕ್ಕದ್ದು.

ಸಹಿ/-
ನೀಲಾಬಾಯಿ, ತಾಯಿ
(ಜೋಳದ ಹಿಟ್ಟಿನ ಕೈಗುರುತನ್ನೇ ಮೊಹರೆಂದು ಪರಿಗಣಿಸುವುದು)

ಪ್ರತಿಗಳು:
1. ಬಸವೇಶ್ವರಿ ಕಾಕಿ, ವಾಡಿ: ನೆಗ್ಗಿದ ತಾಟಿನೊಂದಿಗೆ.
2. ಸಿದ್ದಲಿಂಗೇಶ ಮಾಮಾ, ಶಹಾಬಾದ: ದಾರ ಲಗತ್ತಿಸಿದೆ.
3. ಮಡಿವಾಳಯ್ಯನವರು, ಚಿಂಚೋಳಿ: ಅಂಚೆ ಮೂಲಕ.
4. ಚಿತ್ತಾಪುರದ ನೆಂಟರು: ಪರೀಕ್ಷಿಸಲು ಇನ್ನೂ ಬಂದಿಲ್ಲ, ಮುಂಗಡವಾಗಿ.
5. ಶಿವಗಂಗಾ: ಸೋಮವಾರ ಬೆಳಗಿನ ಬಸ್ಸಿಗೆ. ಕಿಟಕಿ ಸೀಟು ನಿನ್ನದು, ಬಲಗಡೆ ನಾನು ಕೂರುತ್ತೇನೆ. ತಲೆ ತಿರುಗಿದರೆ ಹೇಳು ತಾಯಿ. ಅದರ ಪ್ರತಿ ಯಾರಿಗೂ ಹೋಗುವುದಿಲ್ಲ.