ಗೌಡರ ರೇಡಿಯೋ ಸೆಲ್ಲು

ಇದನ್ನು ಹೇಳಿಬಿಡಬೇಕು ಅಂತ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಕಾಫಿ ಬಂದುಬಿಡುತ್ತಿತ್ತು. ನೆಪಗಳನ್ನು ನಾನು ಹುಡುಕಿದವನಲ್ಲ, ಅವೇ ಹುಡುಕಿಕೊಂಡು ಬರುತ್ತಿದ್ದವು.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಸಾಗರದ ಒಂದು ಸಣ್ಣ ಮಾನಸಿಕ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್. ಮೀಸೆ ನರೆಯತೊಡಗಿದ್ದರೂ ಬಾಯ್. ಅಲ್ಲಿ ಹೊಸನಗರದ ಕಡೆಯ ಗೌಡರೊಬ್ಬರಿದ್ದರು. ಟ್ರಾನ್ಸಿಸ್ಟರ್ ಕಿವಿಗಂಟಿದರೆ ಊಟ ಬೇಡ, ನಿದ್ದೆ ಬೇಡ. ಸ್ಟೇಷನ್ ಮುಚ್ಚಿದ ಮೇಲೆ ಬರುವ ಬರೀ ಸದ್ದನ್ನೂ ಬಿಡದೆ ಕೇಳುತ್ತಿದ್ದರು. ನರ್ಸ್ ಲೀಲಾ ಸಿಸ್ಟರ್ ನನಗೆ, "ಕಿತ್ಕೋಬೇಡಿ. ದಿನಾ ಸ್ವಲ್ಪ ಕಮ್ಮಿ ಮಾಡಿ, ಆ ಹೊತ್ತಲ್ಲಿ ಪಕ್ಕ ಕೂತು ಮಾತಾಡ್ಸಿ" ಅಂದಿದ್ದರು. ಮಾತಾಡಿಸಿದೆ. ಗೌಡರು ಊಟಕ್ಕೆ ಏಳತೊಡಗಿದರು, ನಿದ್ದೆಯೂ ಬಂತು. ಡಾಕ್ಟರು ಒಮ್ಮೆ ನೋಡಿ ಮನೆಗೆ ಕಳಿಸುವುದೆಂದಾಯಿತು. ಅದರ ಹಿಂದಿನ ದಿನ ಕ್ರಿಕೆಟ್ ಕಾಮೆಂಟರಿ. ನನ್ನ ರೇಡಿಯೋದ ಸೆಲ್ಲುಗಳೋ, ಬಚ್ಚಲೊಲೆಯ ಪಕ್ಕ ಇಟ್ಟು ಕಾಯಿಸಿದರೂ ಗೊರಗೊರ ಬಿಟ್ಟು ಬೇರೆ ಮಾತಿಲ್ಲ. ಗೌಡರವು ಹೊಸವು. ಹೇಗೂ ರೇಡಿಯೋ ಕಮ್ಮಿ ಮಾಡಬೇಕಲ್ಲ, ಇದೂ ಚಿಕಿತ್ಸೆಯೇ ಎಂದುಕೊಂಡು, ಅವರು ಸ್ನಾನಕ್ಕೆ ಹೋದಾಗ ಅದಲುಬದಲು ಮಾಡಿದೆ.

ಮರುದಿನ ಡಾಕ್ಟರು ಬಂದಾಗ ಗೌಡರು ಮೂಕ ರೇಡಿಯೋದ ಗುಂಡಿ ತಿರುಗಿಸುತ್ತಿದ್ದರು.

"ಏನು ಬರ್ತಿದೆ ಗೌಡ್ರೇ?"

"ಎಂತದೂ ಇಲ್ಲ ಸಾರ್. ಹೊಸಾ ಸೆಲ್ಲು ಹಾಕಿದ್ದೆ. ಯಾರೋ ಬದ್ಲಾಯ್ಸಿದಾರೆ."

ಡಾಕ್ಟರು ನನ್ನತ್ತ ನೋಡಿದರು. ಕೆಲಸ ಹೋಗುತ್ತದೆಂಬ ಭಯಕ್ಕೆ, "ಗೊತ್ತಿಲ್ಲ ಸಾರ್" ಅಂದೆ.

"ಈಗ ಅನುಮಾನ ಬೇರೆ ಶುರುವಾಗಿದೆ. ಇನ್ನಷ್ಟು ದಿನ ಇರಲಿ" ಎಂದರು ಅವರು, ಸಿಸ್ಟರ್‌ಗೆ. ಕರೆದೊಯ್ಯಲು ಬಂದಿದ್ದ ಗೌಡರ ಹೆಂಡತಿ, ಅವರಿಗೆಂದು ತಂದ ಇಸ್ತ್ರಿ ಅಂಗಿಯನ್ನು ಮತ್ತೆ ಚೀಲದೊಳಗಿಟ್ಟು ಒಬ್ಬರೇ ಬಸ್ಸು ಹತ್ತಿದರು.

"ನೀವಾದ್ರೂ ನಂಬ್ತೀರಲ್ಲ ಮಾರಾಯ್ರೇ?" ಅಂದರು ಗೌಡರು.

"ನಂಬ್ತೀನಿ" ಅಂದೆ. ಇಡೀ ಆಸ್ಪತ್ರೆಯಲ್ಲಿ ಅವರನ್ನು ನಂಬಿದವನು ನಾನೊಬ್ಬನೇ. ಮಳೆಗಾಲ ಮುಗಿಯುವವರೆಗೆ ಅವರನ್ನು ಕಳಿಸಲಿಲ್ಲ. ಅಷ್ಟು ದಿನವೂ ಪಕ್ಕ ಕೂತು ಮಾತಾಡಿಸಿದೆ, ಆ ಒಂದು ಮಾತು ಬಿಟ್ಟು.

ಈಗ ನನ್ನ ಕೈಗೆ ಮೊಬೈಲು ಅಂಟಿದೆ. ಮೊನ್ನೆ ಇದ್ದಕ್ಕಿದ್ದಂತೆ ನೆಟ್ ನಿಂತಿತು. "ಯಾರೋ ಆಫ್ ಮಾಡಿದಾರೆ" ಅಂದೆ. "ಯಾರೂ ಮಾಡಿಲ್ಲ ಮಾವ, ನಿಮಗೆ ಎಲ್ಲದಕ್ಕೂ ಅನುಮಾನ" ಎಂದಳು ಸೊಸೆ. ಮಗ ಗೋಡೆ ನೋಡುತ್ತಿದ್ದ. ಆ ನೋಟದ ಪರಿಚಯ ನನಗಿದೆ, ಹಾಗಾಗಿ ಜಗಳಕ್ಕೆ ಹೋಗಲಿಲ್ಲ. ನಂಬುವವರೊಬ್ಬರು ಪಕ್ಕದಲ್ಲಿದ್ದಿದ್ದರೆ ಅನ್ನಿಸಿತು, ಅಷ್ಟೆ.

ಇಷ್ಟು ಹೊತ್ತೂ ಗೌಡರು, ಗೌಡರು ಎಂದು ಹೆಸರು ಹೇಳದೆ ದಾಟಿಸಿಕೊಂಡು ಬಂದೆ. ಅವರ ಹೆಸರು ದುಗ್ಗಪ್ಪ ಗೌಡ.