ಮೌನದ ಸಾಲಿನ ಸೌತೆಕಾಯಿ

ಈ ಮಳೆಗಾಲ ಮುಗಿಯುವುದರೊಳಗೆ ಅತ್ತೆಯ ಮೂಢನಂಬಿಕೆಯೊಂದನ್ನು ಬೇರುಸಹಿತ ಕಿತ್ತೊಗೆಯುವೆನೆಂದು ಆತ ಶಪಥ ಮಾಡಿದ. ‘ಬೇರುಸಹಿತ’ ಎಂಬುದು ಇಲ್ಲಿ ಬರಿಯ ಅಲಂಕಾರವಲ್ಲ. ಆ ನಂಬಿಕೆ ಇದ್ದದ್ದೇ ಸೌತೆಬಳ್ಳಿಯ ವಿಷಯದಲ್ಲಿ!

"ಬಳ್ಳೀನ ದಿನಾ ಮಾತಾಡಿಸ್ಬೇಕು ಅಳಿಯಂದಿರೇ. ಆಗ್ಲೇ ಅದು ಕಾಯಿ ಬಿಡೋದು," ಎಂದಿದ್ದರು ಅತ್ತೆ.

"ಪುರಾವೆ?" ಎಂದ ಆತ.

ನಲವತ್ತೈದರ ಆ ಮನುಷ್ಯ ವಿಜ್ಞಾನದ ಪುಸ್ತಕಗಳನ್ನು ಬಿಡದೆ ಓದುವವನು. ಈ ಒಂದು ಪ್ರಶ್ನೆಯನ್ನು ಹಾಲಿನವನಿಗೂ ಡಾಕ್ಟರಿಗೂ ಸಮಾನವಾಗಿ ಕೇಳುತ್ತ ಬಂದದ್ದರಿಂದ ಬೀದಿಯಲ್ಲಿ ಅವನ ಹೆಸರೇ ‘ಪುರಾವೆ’ ಎಂದಾಗಿತ್ತು. "ಸೊಂಟ ಎರಡಿಂಚು ಜಾಸ್ತಿಯಾಗಿದೆ ಸಾರ್, ಪುರಾವೆ ಬೇಕಾ?" ಎಂದು ಟೈಲರ್ ಕೂಡ ಟೇಪನ್ನು ಕಣ್ಣಿಗೆ ಹಿಡಿಯುತ್ತಿದ್ದ.

ಮನೆಗಳ ಸಾಲಿನ ಹಿಂದೆ ಹನ್ನೆರಡು ಕುಟುಂಬಗಳು ಸೇರಿ ಬೆಳೆಸುವ ತೋಟವಿತ್ತು. ಇದ್ದದ್ದು ಒಂದೇ ನಲ್ಲಿ. ಅದರ ಪಕ್ಕದ ಮಡಿ ಚೀಟಿ ಎತ್ತಿದಾಗ ಇವನ ಪಾಲಿಗೆ ಬಂದಿತ್ತು. ಎರಡು ಮನೆ ಆಚೆ ವಾಸವಿದ್ದ ಅತ್ತೆಗೆ ಸಿಕ್ಕಿದ್ದು ಗೋಡೆಯ ಬುಡದ, ಮಳೆಯೂ ಸರಿಯಾಗಿ ತಾಕದ ಕಟ್ಟಕಡೆಯ ಮಡಿ. ನೋಯುವ ಮಂಡಿಯನ್ನು ಎಳೆದುಕೊಂಡು ಅವರು ದಿನವೂ ಅಲ್ಲಿಗೆ ನೀರು ಹೊರುತ್ತಿದ್ದರು.

"ಪಂದ್ಯ ಕಟ್ಟೋಣ. ನೀವು ಸೋತ್ರೆ ನಲ್ಲಿ ಪಕ್ಕದ ಮಡಿ ನಂಗೆ," ಎಂದರು ಅತ್ತೆ.

"ನೀವು ಸೋತ್ರೆ?"

"ಇನ್ಮೇಲೆ ಬಳ್ಳಿ ಹತ್ರ ಬಾಯಿ ಬಿಡಲ್ಲ!"

ಒಲೆಯನ್ನೂ ಬೀಗವನ್ನೂ ಮಾತಾಡಿಸುವ ಹೆಂಗಸಿಗೆ ಅದು ಸಣ್ಣ ತ್ಯಾಗವಲ್ಲ.

ಮೊದಲ ಮಳೆ ಬಿದ್ದೊಡನೆ ಮಹಾಪ್ರಯೋಗ ಆರಂಭವಾಯಿತು. ಅವನ ಒಂದೇ ಮಡಿಯಲ್ಲಿ ಎರಡು ಸಾಲು, ಸಾಲಿಗೆ ಆರು ಬಳ್ಳಿ. ಒಂದೇ ಬೀಜ, ಒಂದೇ ಗೊಬ್ಬರ, ಅಳೆದು ಸುರಿದ ನೀರು. ಮೊದಲನೆಯ ಸಾಲನ್ನು ಅತ್ತೆ ದಿನವೂ ಮಾತಾಡಿಸಬೇಕು. ಎರಡನೆಯದರ ಮುಂದೆ ಫಲಕ ನಿಂತಿತು: ‘ಮೌನದ ಸಾಲು. ಮಾತು ನಿಷಿದ್ಧ.’ ಪಕ್ಷಪಾತದ ಸೊಲ್ಲು ಬರಬಾರದೆಂದು ನೋಟ್‌ಬುಕ್ಕನ್ನು ಹೆಂಡತಿಯ ಕೈಗಿತ್ತ.

"ಯಾವ ಸಾಲಿನ ಹತ್ರ ಯಾರು ಎಷ್ಟು ನಿಮಿಷ ಮಾತಾಡಿದ್ರು, ಬರಿ. ಯಾರನ್ನೂ ಬಿಡಬೇಡ."

"ಯಾರನ್ನೂ?"

"ನಮ್ಮಪ್ಪನೇ ಬಂದ್ರೂ ಬಿಡಬೇಡ!"

ಎಡವಟ್ಟಾದದ್ದು ಒಂದೇ. ಮೌನದ ಸಾಲು ನಲ್ಲಿಯ ಮಗ್ಗುಲಲ್ಲಿತ್ತು. ಬಿಂದಿಗೆ ತುಂಬುವ ತನಕ ಬಾಯಿ ಮುಚ್ಚಿ ನಿಲ್ಲುವ ಮನುಷ್ಯರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ! ಮೊದಲ ದಿನವೇ ನರ್ಸಮ್ಮ ಫೋನಿನಲ್ಲಿ ನಗುತ್ತ ಬಂದಳು.

"ಸಿಸ್ಟರ್! ಫಲಕ ಓದ್ಲಿಲ್ವಾ?" ಆತ ಹಾರಿಬಿದ್ದ.

"ಓದಿದೆ. ಗಿಡಕ್ಕೆ ಕಿವಿ ಇಲ್ಲ ಅನ್ನೋರು ನೀವೇ ಅಲ್ವಾ? ಮತ್ತೆ ಮಾತಾಡಿದ್ರೆ ಏನಂತೆ?"

"ಇಲ್ಲ ಅಂತ ಸಾಧಿಸೋಕೇ ಇದೆಲ್ಲ!" ಎಂದವನು ಅಲ್ಲೇ ನಿಂತು ಪ್ರಯೋಗವೆಂದರೇನು, ಹೋಲಿಕೆಯೆಂದರೇನು ಎಂಬುದನ್ನು ಬಿಂದಿಗೆ ತುಂಬಿ ಹರಿದರೂ ವಿವರಿಸಿದ.

ಮರುದಿನ ಟೈಲರ್ ಸೀನಿದ. ಸೀನು ಮಾತೋ ಅಲ್ಲವೋ ಎಂಬ ವಾಗ್ವಾದಕ್ಕೆ ಅರ್ಧ ಬೆಳಗು ಹೋಯಿತು. ಜನರಿಗೆ ಶಿಸ್ತಿಲ್ಲ, ವಿಜ್ಞಾನಕ್ಕೆ ಮರ್ಯಾದೆಯಿಲ್ಲ! ಆತ ಕೊಡೆ ಹಿಡಿದು ಕಾವಲು ನಿಂತ. ಬಂದವರ ಮೇಲೆ ಕೂಗಿದ. ಯಾರೂ ಬಾರದಿದ್ದಾಗ ಬಂದುಹೋದವರ ಮೇಲೆ ಗೊಣಗಿದ. ಸಿಟ್ಟಿನ ಕೈ ಸುಮ್ಮನಿರದೆ ಆ ಸಾಲಿನ ಕಳೆ ಕಿತ್ತಿತು, ಹುಳು ಹೆಕ್ಕಿತು. ಅತ್ತೆಯಾದರೋ, "ಏನಮ್ಮಾ, ಮಳೆ ಜೋರಾಯ್ತಾ?" ಎಂದು ತಮ್ಮ ಸಾಲನ್ನು ವಿಚಾರಿಸಿಕೊಂಡು, ಮತ್ತೆ ಗೋಡೆಯತ್ತ ನೀರು ಹೊರುತ್ತಿದ್ದರು.

ಮೋಡ ತೆಳುವಾಗಿ, ಎಳೆಬಿಸಿಲು ಕಾಣಿಸಿಕೊಂಡ ಭಾನುವಾರ ಹನ್ನೆರಡೂ ಮನೆಯವರ ಮುಂದೆ ಕೊಯ್ಲಾಯಿತು. ಮಾತಿನ ಸಾಲು: ಹತ್ತೊಂಬತ್ತು ಕಾಯಿ. ಮೌನದ ಸಾಲು: ಮೂವತ್ತನಾಲ್ಕು! ಆತ ಬಕೆಟ್ ಬೋರಲು ಹಾಕಿ ಮೇಲೆ ಹತ್ತಿದ.

"ಮಹನೀಯರೇ! ಮಾತು ಸೋತಿತು, ಮೌನ ಗೆದ್ದಿತು! ಇದಕ್ಕಿಂತ ದೊಡ್ಡ ಪುರಾವೆ ಬೇಕೇ?"

ಅತ್ತೆಯ ಮುಖ ಬಾಡಿತು. ಬಳ್ಳಿಯತ್ತ ತಿರುಗಿದವರು ಏನೋ ಹೇಳಹೊರಟು, ತುಟಿ ಬಿಗಿಹಿಡಿದರು.

"ರೀ, ನೋಟ್‌ಬುಕ್ ಓದ್ಲಾ?" ಎಂದಳು ಹೆಂಡತಿ.

"ಜೋರಾಗಿ ಓದು!"

"ಮೊದಲನೇ ಸಾಲು. ಅಮ್ಮ, ದಿನಕ್ಕೆ ಐದು ನಿಮಿಷ. ಎರಡನೇ ಸಾಲು. ಸಿಸ್ಟರ್, ಒಟ್ಟು ಹನ್ನೊಂದು ನಿಮಿಷ. ಟೈಲರ್, ಎರಡು ಸೀನು." ಅವಳು ಪುಟ ತಿರುವಿದಳು. "ನಮ್ಮ ಯಜಮಾನರು, ದಿನಕ್ಕೆ ಐವತ್ತೆರಡು ನಿಮಿಷ."

ಮೌನದ ಸಾಲಿನ ಬಳಿ ಮೊತ್ತಮೊದಲ ಬಾರಿಗೆ ಮೌನ ಆವರಿಸಿತು.

"ಅದು... ಹನ್ನೆರಡು ಬಳ್ಳಿಯಿಂದ ಏನೂ ಹೇಳೋಕಾಗಲ್ಲ! ಪ್ರಯೋಗ ತೀರಾ ಸಣ್ಣದು!"

"ಬಕೆಟ್ ಹತ್ತೋವಾಗ ಸಣ್ಣದಿರ್ಲಿಲ್ವಾ?" ಎಂದಳು ಹೆಂಡತಿ.

ಕಾಯಿ ಬಂದದ್ದು ಮಾತಿನಿಂದಲ್ಲ, ತಾನು ಕಿತ್ತ ಕಳೆಯಿಂದ ಎಂದು ಅವನಿಗೆ ಹೊಳೆಯಿತು. ಆದರೆ ಹಾಗೆಂದರೆ ಪ್ರಯೋಗವನ್ನು ಕೆಡಿಸಿದವನು ತಾನೇ ಎಂದು ಬರೆದುಕೊಟ್ಟಂತೆ! ಆತ ಬಕೆಟ್ಟಿನಿಂದ ಇಳಿದ. ಅದನ್ನೇ ತಿರುಗಿಸಿ ನಲ್ಲಿಯ ಕೆಳಗಿಟ್ಟು ತುಂಬಿಸಿ, ಗೋಡೆಯ ಬುಡದ ತನ್ನ ಹೊಸ ಮಡಿಯತ್ತ ಹೊರಟ.

ನಲ್ಲಿಯ ಪಕ್ಕ ಮಂಡಿ ಚಾಚಿ ಆರಾಮಾಗಿ ಕುಳಿತ ಅತ್ತೆ ಕೂಗಿದರು:

"ಅಳಿಯಂದಿರೇ, ಆ ಫಲಕ ಇಲ್ಲೇ ಇರ್ಲಿ. ನನ್ನ ಐದು ನಿಮಿಷ ಇವಕ್ಕೆ ಎಲ್ಲಿ ಸಾಕು? ದಿನಾ ಒಂದ್ಸಲ ಬಂದು, ‘ಮಾತಾಡ್ಬೇಡಿ’ ಅಂತ ಗದರಿಸಿ ಹೋಗಿ!"